ಏಳನೆಯ ಪಟ್ಟಿ

ಹೇಮಂತನ ಅವತ್ತಿನ ಫಜೀತಿಗೆಲ್ಲ ಕಾರಣ ಬೆರಳುದ್ದದ ಒಂದು ಪಟ್ಟಿ. ಕೊಂಡಾಪುರದ ಆಫೀಸೊಂದರಲ್ಲಿ ಅವನು ಕಂಪನಿಗಳಿಗೆ, ಅವರ ನೌಕರರು ಪರದೆಯ ಮೇಲೆ ನೋಡಿ ಕಲಿಯುವ ಪಾಠ ತಯಾರಿಸಿಕೊಡುತ್ತಿದ್ದ. ಈ ಸಲದ ಪಾಠ, ಕಾರ್ಖಾನೆಗೆ ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದು. ಪರದೆಯ ಅಂಚಿನಲ್ಲಿ ಆರು ಪಟ್ಟಿಗಳು. ಮೌಸ್ ಮೇಲೆ ತಂದರೆ ಸಾಕು, ಒತ್ತದೆಯೇ ಪಟ್ಟಿ ಮೇಲಕ್ಕೆ ಸರಿದು ಬುದ್ಧಿವಾದ ಹೇಳಬೇಕು. ಮೌಸ್ ತೆಗೆದರೆ ತೆಪ್ಪಗೆ ಒಳಗೆ ಹೋಗಬೇಕು. ಸಂಜೆ ಐದಕ್ಕೆ ಪಾಠ ಗಿರಾಕಿಯ ಕೈಸೇರಬೇಕಿತ್ತು.

ಆರರ ಜೊತೆಗೆ ಹೇಮಂತ ಯಾರಿಗೂ ಹೇಳದೆ ಏಳನೆಯದೊಂದನ್ನು ಮಾಡಿದ್ದ. ಕೆಳಗಿನ ಮೂಲೆಯಲ್ಲಿ, ಮರಳಿನ ಬಕೆಟ್ಟಿನ ಚಿತ್ರದ ಹಿಂದೆ ಅದನ್ನು ಅಡಗಿಸಿಟ್ಟಿದ್ದ. ಅದು ಹರ್ಷದಾಳಿಗೆ.

ತಯಾರಾದ ಪಾಠಗಳಲ್ಲಿ ತಪ್ಪು ಹುಡುಕುವುದು ಹರ್ಷದಾಳ ಕೆಲಸ. ಎರಡು ವರ್ಷದಿಂದ ಹೇಮಂತನ ಎದುರಿನ ಕುರ್ಚಿ ಅವಳದು. ಯೋಚಿಸುವಾಗ ಪೆನ್ನಿನ ಮುಚ್ಚಳ ಕಚ್ಚುತ್ತಾಳೆ, ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ತಿನ್ನುತ್ತಾಳೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ‘ಊಟ ಆತೇನ್ರಿ’ ಎಂಬುದರಿಂದ ಮುಂದಕ್ಕೆ ಅವನ ನಾಲಿಗೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಇವತ್ತು ಅವಳ ಕೊನೆಯ ದಿನ. ಸಂಜೆ ಬೇಗಂಪೇಟೆಯಿಂದ ರೈಲು ಹಿಡಿದರೆ ಮುಂದೆ ಪುಣೆ, ಹೊಸ ಕೆಲಸ. ನಾಳೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಏಳನೆಯ ಪಟ್ಟಿಯಲ್ಲಿ ಅವನು ಬರೆದದ್ದು ಇಷ್ಟೇ: ‘ದಿನಾ ಎದುರಿಗಿದ್ರೂ ನಿಮ್ಮ ಜೋಡಿ ಮನಸ್ ಬಿಚ್ಚಿ ಮಾತಾಡಾಕ ಆಗಿಲ್ಲ. ಸಂಜೆ ಐದೂವರಿಗೆ ಎದುರಿನ ಇರಾನಿ ಹೋಟೆಲಿಗೆ ಚಹಾಕ್ಕ ಬರ್ರಿ. ಹೇಮಂತ.’ ಮೇಲೆ ಅವಳ ಹೆಸರನ್ನು ಮೂರು ಸಲ ಬರೆದು ಮೂರು ಸಲವೂ ಅಳಿಸಿದ. ಪರದೆಯ ಮೇಲೂ ಅವನಿಗೆ ಅಷ್ಟು ಧೈರ್ಯವಾಗಲಿಲ್ಲ. ಹೇಗೂ ಮೂಲೆಮೂಲೆ ತಡಕುವವಳು ಅವಳೊಬ್ಬಳೇ. ಅವಳು ಓದಿದ ಮೇಲೆ, ಗಿರಾಕಿಗೆ ಕಳಿಸುವ ಮೊದಲು, ಅಳಿಸಿಬಿಟ್ಟರಾಯಿತು.

ಆದರೆ ಪಟ್ಟಿಗಳಿಗೆ ಬಿಕ್ಕಳಿಕೆ ಹತ್ತಿತ್ತು. ಮೌಸ್ ತಾಗಿದೊಡನೆ ಪಟ್ಟಿ ಮೇಲಕ್ಕೆ ಸರಿಯುವುದು. ಸರಿದ ಮೇಲೆ ಮೌಸ್ ಅದರ ಮೇಲೆ ಇಲ್ಲವಲ್ಲ, ಮತ್ತೆ ಕೆಳಗಿಳಿಯುವುದು. ಇಳಿದರೆ ಮತ್ತೆ ಮೌಸ್, ಮತ್ತೆ ಮೇಲಕ್ಕೆ. ಒಂದಕ್ಷರ ಓದುವಂತಿಲ್ಲ. ಪಕ್ಕದ ಮೇಜಿನ ಅಕ್ಷಯ, ಯಾರೂ ಕೇಳದಿದ್ದರೂ, ಪಟ್ಟಿ ನಿಧಾನ ಸರಿಯಲಿ ಎಂದು ಸಲಹೆ ಕೊಟ್ಟ. ಬಿಕ್ಕಳಿಕೆ ನಿಧಾನವಾಯಿತು, ನಿಲ್ಲಲಿಲ್ಲ.

ಮಧ್ಯಾಹ್ನ ತಲೆಕೆಟ್ಟು ಕೆಳಗಿಳಿದ ಹೇಮಂತ ಕಟ್ಟಡದ ಗಾಜಿನ ಬಾಗಿಲ ಮುಂದೆ ನಿಂತುಬಿಟ್ಟ. ಜನ ಹತ್ತಿರ ಬಂದರೆ ಬಾಗಿಲು ತಾನಾಗಿ ಸರಿಯುತ್ತಿತ್ತು. ಸರಿಯುವುದು ಬಾಗಿಲು; ಜನರನ್ನು ನೋಡುವ ಕಣ್ಣು ಮಾತ್ರ ಚೌಕಟ್ಟಿನಲ್ಲಿ ಅಲ್ಲಾಡದೆ ಕೂತಿತ್ತು. ಹೇಮಂತ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಪ್ರತಿ ಪಟ್ಟಿಯ ಜಾಗದಲ್ಲೂ ಕಣ್ಣಿಗೆ ಕಾಣದ, ಕದಲದ ಒಂದು ಚೌಕ ಹಾಕಿ, ಮೌಸ್ ತಾಗುವ ಕೆಲಸ ಅದಕ್ಕೂ, ಸರಿಯುವ ಕೆಲಸ ಪಟ್ಟಿಗೂ ಹಂಚಿಕೊಟ್ಟ. ಏಳೂ ಪಟ್ಟಿಗಳು ಹೇಳಿದ ಮಾತು ಕೇಳಿದವು.

ನಾಲ್ಕಕ್ಕೆ ಪಾಠವನ್ನು ಪರೀಕ್ಷೆಗೆ ಬಿಟ್ಟು, ಚಹಾದ ಯಂತ್ರದ ಹತ್ತಿರ ಹೋಗಿ ಚಡಪಡಿಸುತ್ತ ನಿಂತ. ಮುಕ್ಕಾಲು ಗಂಟೆಯ ನಂತರ ಹರ್ಷದಾ ನಗುತ್ತ ಬಂದಳು.

“ಪಟ್ಟಿ ಭಾಳ ಚಂದ ಆಗ್ಯಾವ್ರಿ, ಹೇಮಂತ ಅವ್ರ.”

“ಎಲ್ಲಾ ಓದಿದ್ರೇನ್ರಿ?”

“ಒಂದೂ ಬಿಟ್ಟಿಲ್ರಿ.”

ಹೇಮಂತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಳನೆಯ ಪಟ್ಟಿಯನ್ನು ಅಳಿಸಿ, ಪಾಠ ಕಳಿಸಿ, ಮುಖ ತೊಳೆದು, ಐದೂಕಾಲಕ್ಕೇ ಹೋಟೆಲಿನಲ್ಲಿ ಕೂತ. ಎರಡು ಚಹಾ, ಒಂದು ಪ್ಲೇಟು ಉಸ್ಮಾನಿಯಾ ಬಿಸ್ಕತ್ತು ಹೇಳಿದ. ಎರಡು ವರ್ಷದ ಮಾತುಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡ.

ಐದೂವರೆಗೆ ಸರಿಯಾಗಿ ಎದುರಿನ ಕುರ್ಚಿ ಎಳೆದು ಕೂತವರು ಆಫೀಸಿನ ಮುಖ್ಯಸ್ಥ ಗುರುರಾಜ. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು.

“ನೋಡು ತಮ್ಮಾ, ನಾ ಎಂದೂ ಯಾರ ಪಾಠಾನೂ ತಗದು ನೋಡಿದಾವಲ್ಲ. ಇವತ್ತ ಅಕ್ಷಯ ಎಳಕೊಂಡು ಹೋಗಿ ಕೂಡ್ಸಿದ, ಹೇಮಂತನ ಪಟ್ಟಿ ನೋಡ್ರಿ ಅಂತ. ಮೌಸ್ ಹಂಗs ಆಡಸಾಕತ್ತಿದ್ದೆ, ಬಕೀಟಿನ ಹಿಂದಿಂದ ನಿನ್ನ ಕರೆ ಬಂತು.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇಪ್ಪತ್ತೆಂಟು ವರ್ಷ ಆತು ನೌಕರಿ ಮಾಡಾಕತ್ತು. ಚಹಾಕ್ಕ ಬರ್ರಿ ಅಂತ ಒಬ್ರೂ ಕರದಿಲ್ಲ.”

ಹೇಮಂತ ಬಾಯಿ ತೆರೆದ. ಆ ಒದ್ದೆ ಕಣ್ಣು ನೋಡಿ ಮುಚ್ಚಿದ. ಇವರು ಓದಿದರೆಂದರೆ ಹರ್ಷದಾ ಓದಿದ್ದೇನು ಎಂದು ಲೆಕ್ಕ ಹಾಕುತ್ತಿರುವಾಗಲೇ, ಹೆಗಲಿಗೆ ಚೀಲ ಹಾಕಿಕೊಂಡ ಹರ್ಷದಾ ಹೋಟೆಲಿನೊಳಗೆ ಬಂದಳು.

“ಇಲ್ಲಿದ್ದೀರೇನ್ರಿ? ನಿಮಗ ಹೇಳಿ ಹೋಗೋಣಂತ ನಿಮ್ಮ ಕುರ್ಚಿ ಹತ್ರ ಕಾದು ಕಾದು ಕೆಳಗ ಬಂದ್ರ ಇಲ್ಲಿ ಕಂಡ್ರಿ. ರೈಲಿಗೆ ಇನ್ನೂ ಟೈಮೈತಿ.”

“ಆಗ ಪಾಠ... ಪೂರಾ ನೋಡಿದ್ರಿ?” ಎಂದ ಹೇಮಂತ ಕ್ಷೀಣವಾಗಿ.

“ಹೂಂ, ಫೋನಿನ್ಯಾಗ ನೋಡಿದೆ. ಕಾರ್ಖಾನಿ ಮಂದಿ ಎಲ್ಲಾ ಫೋನಿನ್ಯಾಗs ನೋಡ್ತಾರ, ಕಂಪ್ಯೂಟರ್ ಮ್ಯಾಲೆ ಸಾಹೇಬ್ರಿಗೆ ತೋರಸ್ತೀನಿ ಅಂದ ಅಕ್ಷಯ.”

ಫೋನಿಗೆ ಮೌಸ್ ಇಲ್ಲ. ಫೋನಿನಲ್ಲಿ ನೋಡುವವರಿಗೆಂದು ಒತ್ತಿದರೆ ಪಟ್ಟಿ ತೆರೆಯುವ ಆರು ಗುಂಡಿಗಳನ್ನು ಬೇರೆಯಾಗಿ ಮಾಡಿಟ್ಟವನು ಹೇಮಂತನೇ. ಏಳನೆಯ ಪಟ್ಟಿಗೂ ಒಂದು ಗುಂಡಿ ಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಹರ್ಷದಾ ಕೂರಲೆಂದು ಪಕ್ಕದ ಕುರ್ಚಿ ಎಳೆದಳು. ಹೇಮಂತ ಬಿಸ್ಕತ್ತಿನ ಪ್ಲೇಟನ್ನು ಅವಳತ್ತ ಸರಿಸಿದ.

“ಬಾರವ್ವಾ,” ಎಂದರು ಗುರುರಾಜ ಹೆಮ್ಮೆಯಿಂದ. “ಹೇಮಂತಗ ನನ್ನ ಜೋಡಿ ಮನಸ್ ಬಿಚ್ಚಿ ಮಾತಾಡೋದೈತಂತ. ತಾನs ಕರದಾನ.”

ಅವಳು ಹೇಮಂತನ ಮುಖವನ್ನೇ ನೋಡಿದಳು, ಅವನು ಏನಾದರೂ ಹೇಳಲೆಂದು. ಅವನು ಗುರುರಾಜರನ್ನು ನೋಡಿದ. ಅವಳು ಕುರ್ಚಿಯನ್ನು ಸದ್ದಾಗದಂತೆ ಮೊದಲಿನ ಜಾಗಕ್ಕೆ ದೂಡಿದಳು.

“ಹಂಗಾರ ನಾ ನಡುವ ಬರಬಾರದು. ಮಾತಾಡ್ರಿ. ಬರ್ತೀನ್ರಿ, ಹೇಮಂತ ಅವ್ರ.”

ಬೀದಿ ದಾಟಿ ಆಟೋ ಹತ್ತುವವರೆಗೂ ಅವನು ಅವಳನ್ನೇ ನೋಡುತ್ತಿದ್ದ. ಹತ್ತುವ ಮುನ್ನ ಅವಳು ಒಮ್ಮೆ ತಿರುಗಿ ನೋಡಿದಳು. ಹೇಮಂತ ಅವಳಿಗೆಂದು ತರಿಸಿದ್ದ ಚಹಾವನ್ನು ಗುರುರಾಜ ಸಾಸರಿಗೆ ಸುರಿದು ಸುರ್ ಎಂದು ಕುಡಿದರು.

“ಹೇಳಪಾ,” ಎಂದರು. “ಏನೋ ಮಾತಾಡೋದೈತಿ ಅಂದಿದ್ದೆಲ್ಲ?”

ಹೇಮಂತ ಬಿಸ್ಕತ್ತಿನ ಪ್ಲೇಟನ್ನು ಅವರತ್ತ ಸರಿಸಿದ.

“ಊಟ ಆತೇನ್ರಿ, ಸರ್?”