ರಜೆಯ ಮೇಲಿರುವ ಅಟೆಂಡರ್

ಗಂಡನ ಹುದ್ದೆಯ ಭಾರವನ್ನು ಗಂಡನಿಗಿಂತ ಹೆಂಡತಿಯೇ ಹೆಚ್ಚು ಹೊರುತ್ತಾಳೆ ಎಂಬುದು ನನ್ನ ಅನುಭವ. ನಮ್ಮವರು ಬ್ರಿಗೇಡಿಯರ್ ಆಗಿ ಸೇನೆಯಿಂದ ನಿವೃತ್ತರಾದ ದಿನವೇ ಸಮವಸ್ತ್ರ ಮಡಿಸಿ ಟ್ರಂಕಿಗೆ ಹಾಕಿ ನಿರಾಳವಾಗಿ ಕೂತರು. ಆ ಭಾರ ಇಳಿಸಲಾಗದೆ ಒದ್ದಾಡಿದವಳು ನಾನು. ಬಸವೇಶ್ವರನಗರದ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನಿಗೂ "ನಮ್ಮ ಬ್ರಿಗೇಡಿಯರ್‌ಗೆ ಬದನೆಕಾಯಿ ಆಗಲ್ಲಪ್ಪ" ಎನ್ನುತ್ತಿದ್ದೆ. ಬ್ರಿಗೇಡಿಯರ್ ಅಂದರೆ ಅದೇನೋ ಹೊಸ ಕಾಯಿಲೆ ಇರಬೇಕೆಂದುಕೊಂಡು ಅವನು ಕನಿಕರದಿಂದ ಹಾಗಲಕಾಯಿ ತೂಗಿಕೊಟ್ಟ.

ಇದಕ್ಕೆಲ್ಲ ಮೂಲ ನನ್ನ ತವರು ಹೇರೋಹಳ್ಳಿ. ಅಲ್ಲಿಯ ರಾಗಿ ಹೊಲಗಳೆಲ್ಲ ಸೈಟುಗಳಾಗಿ ಹೋದರೂ, ಸೇನೆಯಲ್ಲಿರುವವರೆಲ್ಲ ನಮ್ಮ ಜನಕ್ಕೆ ಇವತ್ತಿಗೂ ಬರೀ "ಮಿಲ್ಟ್ರಿಯೋರು". ಇವರು ಲೆಫ್ಟಿನೆಂಟ್ ಆಗಿದ್ದಾಗ ನಮ್ಮಣ್ಣ ಕೇಳಿದ್ದು, "ಭಾವ, ಕ್ಯಾಂಟೀನ್ ರಮ್ ಸಿಗುತ್ತಾ?" ಕರ್ನಲ್ ಆದಾಗಲೂ ಅದನ್ನೇ ಕೇಳಿದ. ಬ್ರಿಗೇಡಿಯರ್ ಆದ ಸುದ್ದಿಯನ್ನು ನಾನು ಉಬ್ಬಿಹೋಗಿ ಫೋನಿನಲ್ಲಿ ಹೇಳಿದರೆ, "ಹಂಗಾದ್ರೆ ಇನ್ನೆರಡು ಬಾಟ್ಲು ಜಾಸ್ತಿ ಕೊಡ್ತಾರೇನೇ?" ಎಂದ. ಹಿಮದ ಗಡಿಯಲ್ಲಿ ಇವರ ಒಂದು ಮಾತಿಗೆ ಸಾವಿರಾರು ಜನ ಕಾದು ನಿಲ್ಲುತ್ತಿದ್ದರು ಎಂದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವರ ಮುಂದೆ ನನ್ನ ಹತ್ತಿರ ಇದ್ದ ಒಂದೇ ಅಸ್ತ್ರವೆಂದರೆ ಕುರ್ಚಿ. ಆಫೀಸರುಗಳ ಮೆಸ್ಸಿನಲ್ಲಿ ಔತಣವಾದರೆ ಹೆಂಗಸರು ಕೂರುವ ಮುಂಚೆ ಗಂಡಸರು ಹಿಂದೆ ನಿಂತು ಕುರ್ಚಿ ಎಳೆದು ಕೊಡಬೇಕು. ಮದುವೆಯಾದ ಹೊಸದರಲ್ಲಿ ಇವರು ಹಾಗೆ ಎಳೆದಾಗ, ಕುರ್ಚಿ ಇನ್ಯಾರಿಗೋ ಬೇಕಾಗಿದೆ ಎಂದುಕೊಂಡು ನಾನು ಸೆರಗು ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ತವರಿನಲ್ಲಿ ಆ ಭಾಗ ಬಿಟ್ಟು ಉಳಿದದ್ದನ್ನು ಹೇಳಿದೆ. ಅತ್ತಿಗೆ ಬೆರಗಾಗಿ, "ನಿಮ್ಮಣ್ಣ ಕುರ್ಚಿ ಎಳೆದ್ರೆ ನಾನು ನೆಲಕ್ಕೆ ಬೀಳೋದೇ ಕಣೇ ಸರೋಜ!" ಎಂದಿದ್ದರು.

ಹೀಗಿರುವಾಗ ಇವರು ಶಾಸನಸಭೆಯ ಮಾರ್ಷಲ್ ಆದರು. ಸಭಾಧ್ಯಕ್ಷರ ಮುಂದೆ ಗಂಭೀರವಾಗಿ ನಡೆದು ಬಂದು, ಅವರು ಬಂದರೆಂದು ಸಾರಿ ಹೇಳಿ, ಸದನದಲ್ಲಿ ಶಿಸ್ತು ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಸೋಫಾದಿಂದ ದೇವರಮನೆಯವರೆಗೆ ನಡೆದು "ಮಾನ್ಯ ಸಭಾಧ್ಯಕ್ಷರು!" ಎಂದು ಗುಡುಗುತ್ತ ಅಭ್ಯಾಸ ಮಾಡಿದರು. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲೇ ನೆಟ್ಟಗೆ ನಿಂತುಬಿಟ್ಟ. ಹೇರೋಹಳ್ಳಿಗೆ ಬುದ್ಧಿ ಕಲಿಸಲು ಇದೇ ಸಮಯ ಎಂದುಕೊಂಡು, ಅಧಿವೇಶನದ ಮೊದಲ ದಿನ ಅಣ್ಣ ಅತ್ತಿಗೆಯನ್ನು ಟಿವಿ ನೋಡಲು ಮನೆಗೇ ಕರೆಸಿದೆ.

ಬಿಳಿ ಉಡುಪಿನಲ್ಲಿ ಇವರು ಟಿವಿಯಲ್ಲಿ ಕಾಣಿಸಿಕೊಂಡರು. ಇವರು ಕೂಗಿದ್ದೇ ತಡ, ಇಡೀ ಸದನ ಎದ್ದು ನಿಂತಿತು. ಅಣ್ಣನೂ ಕಾಫಿ ಲೋಟ ಹಿಡಿದು ಅರ್ಧ ಎದ್ದ. ನಾನು ಅತ್ತಿಗೆಯ ಮುಖ ನೋಡಿದೆ, ಬಾಯಿ ತೆರೆದಿತ್ತು. ಅಷ್ಟರಲ್ಲಿ ನಮ್ಮವರು ಹಿಂದೆ ಸರಿದು, ಸಭಾಧ್ಯಕ್ಷರ ದೊಡ್ಡ ಕುರ್ಚಿಯನ್ನು ಎಳೆದು, ಅವರು ಕೂತ ಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳಿ, ಹಿಂದೆ ಕೈಕಟ್ಟಿ ನಿಂತರು.

"ಇದೇನೇ, ಅಣ್ಣಾವ್ರು ಕುರ್ಚಿ ಎಳೀತಾರೆ?" ಎಂದರು ಅತ್ತಿಗೆ. ಅದರಲ್ಲಿ ಕುಹಕವೇನೂ ಇರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಬಿಸಿಯಾಯಿತು. "ಅಯ್ಯೋ, ಅದು ಅಟೆಂಡರ್ ಕೆಲ್ಸ ಅತ್ತಿಗೆ. ಅವ್ನಿಗೆ ಹುಷಾರಿಲ್ವಂತೆ, ರಜೆ. ಇವತ್ತೊಂದಿನ ಇವ್ರೇ ಮಾಡ್ತಿದಾರೆ" ಎಂದುಬಿಟ್ಟೆ. ಅಂಥ ಅಟೆಂಡರ್ ಯಾವನೂ ಇಲ್ಲ. ಆ ಪೀಠಕ್ಕೆ ಸಲ್ಲುವ ಗೌರವವದು, ಮಾರ್ಷಲ್ ಕೈಯಿಂದಲೇ ಆಗಬೇಕು ಎಂದು ಇವರು ಹಿಂದಿನ ದಿನವಷ್ಟೇ ಎಷ್ಟು ಹೆಮ್ಮೆಯಿಂದ ಹೇಳಿದ್ದರು.

ಸಂಜೆ ಇವರು ಮನೆಗೆ ಬಂದಾಗ ಅವರಿಬ್ಬರೂ ಇನ್ನೂ ಇದ್ದರು. ಶೂ ಬಿಚ್ಚುವ ಮೊದಲೇ ಅತ್ತಿಗೆ ಕೇಳಿದರು, "ಅಣ್ಣಾ, ಆ ಅಟೆಂಡರ್ ಹೆಂಗವ್ನೆ? ನಾಳೆ ಬತ್ತಾನಾ?"

ಇವರು ಒಂದು ಗಳಿಗೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಇಲ್ಲಮ್ಮ, ಸದ್ಯಕ್ಕೆ ಬರೋ ಹಾಗೆ ಕಾಣಲ್ಲ. ನಾನೇ ನೋಡ್ಕೋತೀನಿ" ಎಂದರು, ಸದನದಲ್ಲಿ ನಿಂತ ಅದೇ ಮುಖದಲ್ಲಿ. ಬೈದಿದ್ದರೆ ಎಷ್ಟೋ ಮೇಲಿತ್ತು. ಊಟಕ್ಕೆ ಕೂರುವಾಗ ಎಂದಿನಂತೆ ನನ್ನ ಕುರ್ಚಿ ಎಳೆದು ಹಿಂದೆ ನಿಂತರು. ಅಣ್ಣ ನಕ್ಕು, "ಏನ್ ಭಾವ, ಇಲ್ಲೂ ಅಟೆಂಡರ್ ರಜೇನಾ?" ಎಂದ. ಎಲ್ಲರೂ ನಕ್ಕರು, ಇವರೂ ನಕ್ಕರು. ಇಷ್ಟು ವರ್ಷ ರಾಣಿಯ ಹಾಗೆ ಕೂತ ನನಗೆ ಅವತ್ತು ಆ ಕುರ್ಚಿಯಲ್ಲಿ ಕೂರಲು ನಾಚಿಕೆಯಾಯಿತು. ನನಗೆ ಎಳೆದರೆ ದೊಡ್ಡತನ, ಸದನದಲ್ಲಿ ಎಳೆದರೆ ಜವಾನಿಕೆ ಎಂದು ತೀರ್ಮಾನ ಮಾಡಿದವಳು ನಾನೇ ತಾನೆ.

ಅಣ್ಣ ಅತ್ತಿಗೆ ಹೋದ ಮೇಲೆ ಇವರ ಹತ್ತಿರ ಕ್ಷಮೆ ಕೇಳಲು ಹೋದೆ. "ಪಾಪ, ಅವ್ನ ರಜಾ ಅರ್ಜಿಗೆ ಸೈನ್ ಹಾಕಿದೀನಿ ಬಿಡು" ಎಂದು ಪೇಪರ್ ಮಗುಚಿದರು.

ನಿಜ ಹೇಳಿಬಿಡೋಣವೆಂದು ಮೊನ್ನೆ ಧೈರ್ಯ ಮಾಡಿ ಅತ್ತಿಗೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು: "ದಿನಾ ಟಿವೀಲಿ ಅಣ್ಣಾವ್ರೇ ಎಳೀತವ್ರಲ್ಲೇ! ಆ ಅಟೆಂಡರ್‌ಗೆ ಏನೋ ದೊಡ್ಡ ಕಾಯ್ಲೇನೇ ಇರ್ಬೇಕು. ಶನಿವಾರ ಆಂಜನೇಯನ ಗುಡಿಗೆ ಹೋಯ್ತಾ ಇವ್ನಿ, ಅರ್ಚನೆ ಮಾಡಿಸ್ತೀನಿ. ಹೆಸರು, ನಕ್ಷತ್ರ ಹೇಳು."

ಅಷ್ಟು ಒಳ್ಳೆಯ ಮನಸ್ಸಿಗೆ ಇನ್ನೇನು ಹೇಳಲಿ? ಹೆಸರು ಬಾಯಿಗೆ ಬಂದದ್ದನ್ನು ಹೇಳಿದೆ. ನಕ್ಷತ್ರ ಮಾತ್ರ ನನ್ನದೇ ಕೊಟ್ಟೆ. ವಾಸಿಯಾಗಬೇಕಾಗಿರುವುದು ನನಗೇ ಅಲ್ಲವೇ?