ಕಾಸಾರಶಿರಸಿಯ ಫ್ರೀಜರಿನಲ್ಲಿ ಮನುಷ್ಯರ ಪ್ರೋಟೀನು

ಪರರಿಗೆ ನೆರವಾಗಬೇಕೆಂದು ನಾನು ಹೊರಟಾಗಲೆಲ್ಲ, ಕೊನೆಗೆ ನಾಲ್ಕಾರು ಮಂದಿ ನನಗೇ ನೆರವಾಗಬೇಕಾದ ಪ್ರಸಂಗ ತಪ್ಪದೆ ಒದಗುತ್ತದೆ. ಕನ್ನಡ ಎಂ.ಎ. ಮುಗಿಸಿ ಉದಗೀರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ದಿನಗಳವು. ಜೀವಶಾಸ್ತ್ರ ವಿಭಾಗದಲ್ಲಿ ಭಾಲ್ಕಿಯ ಕಡೆಯ ಸಂಶೋಧಕಿಯೊಬ್ಬರಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಗಾಯ ಮಾಯುವಾಗ ಜೀವಕೋಶಗಳಿಗೆ "ಇನ್ನು ಬೆಳೆಯಿರಿ" ಎಂದು ಸಂದೇಶ ಕೊಡುವ ಪ್ರೋಟೀನೊಂದನ್ನು ಅವರು ತರಿಸಿದ್ದರು. ಕೊರಿಯರ್‌ನವರು ಅದನ್ನು ಹೆದ್ದಾರಿಯ ಉಮರ್ಗಾದಲ್ಲೇ ಇಳಿಸಿಬಿಟ್ಟರು. ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ ಕೋಶಗಳನ್ನು ಬಿಟ್ಟು ಅಕ್ಕ ಕದಲುವಂತಿರಲಿಲ್ಲ.

"ನಾ ತರ್ತೀನಿ" ಎಂದೆ.

"ತಮ್ಮಾ, ಬರ್ಫ ಕರಗೂದ್ರೊಳಗ ಬಾ. ಅದು ಕೆಟ್ರ ಇನ್ನೊಂದು ಬರೂದ್ರಾಗ ನನ್ನ ಪ್ರಬಂಧದ ಮುದ್ದತ್ತೇ ಮುಗೀತದ."

ಒಂದು: ಸಹಿ

ಉಮರ್ಗಾದ ಕೊರಿಯರ್ ಗುಮಾಸ್ತ ಪೆಟ್ಟಿಗೆಯನ್ನು ನನ್ನೆದುರೇ ಬಿಚ್ಚಿ, ಬೆರಳುದ್ದದ ಬಾಟಲಿಯನ್ನು ಬೆಳಕಿಗೆ ಹಿಡಿದ.

"ರಿಕಾಮಾ ಅದಲ್ರೀ! ಖಾಲಿ ಬಾಟ್ಲಿ!"

ನಾನು ಗಾಬರಿಯಿಂದ ಅಕ್ಕನಿಗೆ ಫೋನು ಮಾಡಿದೆ. "ಕಣ್ಣಿಗೆ ಕಾಣಂಗಿಲ್ಲೋ, ತಳಕ್ಕ ಅಂಟಿರ್ತದ. ಲಗೂನ ಮುಚ್ಚು!" ಎಂದರು.

ಆದರೆ ಖಾಲಿ ಬಾಟಲಿ ಕೊಟ್ಟರೆಂಬ ದೂರು ನಾಳೆ ಬರಬಾರದೆಂದು ಗುಮಾಸ್ತ ನನ್ನಿಂದ ಬರಹದಲ್ಲಿ ಒಪ್ಪಿಗೆ ಕೇಳಿದ. ಸತ್ಯಕ್ಕೆ ಲೋಪವಾಗದಂತೆ ನಾನು ಬರೆಯತೊಡಗಿದೆ: "ಈ ಬಾಟಲಿಯು ಬರಿದಾಗಿ ತೋರುತ್ತಿದೆಯಾದರೂ, ತೋರುವುದಕ್ಕೂ ಇರುವುದಕ್ಕೂ ನಡುವೆ ಇರುವ ಅಂತರವನ್ನು ಗಮನಿಸಿದಲ್ಲಿ..."

ಗುಮಾಸ್ತ ಪೆನ್ನು ಕಸಿದುಕೊಂಡ. "ಮಾಸ್ತರ್ರ, ಕೀರ್ತನಾ ರಾತ್ರಿ ಹೇಳ್ರಿ. ಈಗ ಸಹಿ ಮಾಡ್ರಿ."

ಎರಡು: ದಾನಿ

ನಿಲಂಗಾ ಮಾರ್ಗವಾಗಿ ಉದಗೀರಕ್ಕೆ ಹೋಗುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅದರ ಮೇಲಿನ ಚೀಟಿಯನ್ನು ಕಂಡು ಕಂಡಕ್ಟರ್ ಕೇಳಿದ:

"ಒಳಗ ಕಾಯ್ ಅದ, ಏನದರೀ?"

"ಮನುಷ್ಯರ ಪ್ರೋಟೀನು."

ಬಸ್ಸಿನ ತಲೆಗಳೆಲ್ಲ ನನ್ನತ್ತ ತಿರುಗಿದವು. ಯಾರೋ "ಕಣ್ಣಿರಬೇಕು" ಎಂದರು. ಇನ್ಯಾರೋ "ಕಿಡ್ನಿ" ಎಂದರು. ಕಿಟಕಿಯ ಬಳಿಯ ಸೀಟು ನನಗೆ ದೊರೆಯಿತು. ಡ್ರೈವರ್ ದಾರಿಯ ಚಹಾ ಬಿಟ್ಟು ವೇಗ ಹೆಚ್ಚಿಸಿದ. ಸುಳ್ಳಿನ ಗೌರವವನ್ನು ನಾನು ಸಹಿಸಲಾರದೆ ಹೋದೆ.

"ಕಣ್ಣಲ್ರೀ, ಕಿಡ್ನಿಯೂ ಅಲ್ಲ. ಇದಕ್ಕಾಗಿ ಯಾರೂ ಸತ್ತಿಲ್ಲ!" ಎಂದು ಎದ್ದುನಿಂತು ಸಾರಿದೆ.

ಕಂಡಕ್ಟರ್ ಕೈಮುಗಿದ. "ಅಂದ್ರ ಬದುಕಿದ್ದಾಗೇ ಕೊಟ್ಟಾರ! ಅವರು ಇನ್ನೂ ದೊಡ್ಡವರ್ರಿ."

ಮೂರು: ಹೆಸರು

ನನ್ನ ಗೌರವಾರ್ಥವಾಗಿ ಓಡಿದ ಬಸ್ಸಿನ ಟೈರು ಕಾಸಾರಶಿರಸಿಯಲ್ಲಿ ಒಡೆಯಿತು. ಬದಲಿ ಟೈರು ನಿಲಂಗಾದಿಂದ ಬರಬೇಕು. ಪೆಟ್ಟಿಗೆಯ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕನಿಗೆ ಫೋನಿನಲ್ಲಿ ಸುದ್ದಿ ತಿಳಿಸಿದೆ. "ಎಲ್ಲ್ಯಾರ ಫ್ರೀಜರ್ ಹುಡುಕು, ಕೋಶಗಳನ್ನ ಯಾರಿಗ್ಯಾರ ಒಪ್ಪಿಸಿ ನಾನೇ ಬರ್ಫ ತಗೊಂಡು ಬರ್ತೀನಿ" ಎಂದರು.

ಎದುರಿಗೇ, ತೊಂಬತ್ತಮೂರರ ಭೂಕಂಪದ ನಂತರ ತಗಡಿನ ಪತ್ರಾಸು ಹೊದಿಸಿ ಕಟ್ಟಿದ ಕಿರಾಣಿ ಅಂಗಡಿ; ಒಳಗೊಂದು ಕುಲ್ಫಿಯ ಫ್ರೀಜರು. ಹಣದ ಗಲ್ಲೆಯ ಮೇಲೆ ಸಾವಕಾರರು, ಪಕ್ಕದಲ್ಲಿ ಬಾಜು ಎನ್ನುವ ಹಗ್ಗದ ಮಂಚದ ಮೇಲೆ ವಿಭೂತಿ ಧರಿಸಿದ ಅವರ ತಾಯಿ, ಒಳಗೆ ಗೋಧಿ ತೂಗುತ್ತಿದ್ದ ಸೊಸೆ.

"ಮನಷ್ಯಾರ್ದು ಅಂತೀರಿ. ನಮ್ಮದು ಲಿಂಗವಂತರ ಮನಿ. ಹಾಲಿನ ಕುಲ್ಫಿ ಬಾಜೂಕ ಹೆಂಗ ಇಡಾಮಿ?" ಎಂದರು ಸಾವಕಾರರು.

ನಾನು ಅಕ್ಕನಿಂದ ಕಲಿತದ್ದನ್ನು ಒಪ್ಪಿಸಿದೆ. ಯಾರ ಮೈಯಿಂದಲೂ ಇದನ್ನು ತೆಗೆದಿಲ್ಲ. ಮನುಷ್ಯನ ಜೀನಿನ ಪ್ರತಿಯನ್ನು ಸೂಕ್ಷ್ಮಜೀವಿಯೊಳಗೆ ಸೇರಿಸುತ್ತಾರೆ, ಆ ಜೀವಿ ಹಗಲಿರುಳು ದುಡಿದು ಪ್ರೋಟೀನು ತಯಾರಿಸುತ್ತದೆ ಎಂದೆ.

ಮುದುಕಿ ತಲೆಯೆತ್ತಿದರು. "ಅಂದ್ರ ಹೆಸರು ಮನಷ್ಯಾಂದು, ದುಡ್ಯೂದು ಬ್ಯಾರೇದ್ದು?"

"ಹೌದ್ರೀ ಅವ್ವಾ."

"ಅದ್ರಾಗೇನು ಹೊಸಾದು? ಈ ಅಂಗಡಿ ಬೋರ್ಡಿನ ಮ್ಯಾಲ ನನ್ನ ಮಗನ ಹೆಸ್ರದ, ದುಡ್ಯಾಕಿ ಸೊಸಿ. ಇಡಪಾ ಒಳಗ."

ಸೊಸೆಯ ತಕ್ಕಡಿ ಒಂದು ಕ್ಷಣ ನಿಂತಿತು. ಸಾವಕಾರರು ತಾವೇ ಎದ್ದು ಮುಚ್ಚಳ ತೆರೆದರು.

ನಾಲ್ಕು: ಕಾವಲು

ಅರ್ಧ ತಾಸಿನಲ್ಲಿ ಕರೆಂಟು ಹೋಯಿತು. ಮುಚ್ಚಳ ತೆರೆಯದಿದ್ದರೆ ತಣ್ಣಗೆ ಉಳಿಯುತ್ತದೆ, ತೆರೆದರೆ ಅಕ್ಕನ ಕೆಲಸ ಮುಗಿಯಿತು ಎಂದು ನಾನು ಕೈಹಿಸುಕಿಕೊಂಡೆ. ಶಾಲೆ ಬಿಟ್ಟ ಮಕ್ಕಳು ಅಷ್ಟರಲ್ಲಿ ಕುಲ್ಫಿಗೆ ಮುತ್ತಿದರು. ಮುದುಕಿ ಬಾಜಿನಿಂದೆದ್ದು ಬಂದು, ಒಂದು ಗೋಣಿಚೀಲವನ್ನು ಮಡಿಸಿ ಹಾಕಿ, ಫ್ರೀಜರಿನ ಮೇಲೆ ಹತ್ತಿ ಕುಳಿತೇಬಿಟ್ಟರು.

"ಅವ್ವಾ, ಗಿರಾಕಿ ಬಂದಾರ, ಇಳಿ!" ಎಂದು ಮಗ ಅಂಗಲಾಚಿದರು.

"ಒಳಗ ಬೀಗರು ಮಲಗ್ಯಾರ. ಎಬ್ಬಸಂಗಿಲ್ಲ."

ಎರಡು ತಾಸು ಆ ತಾಯಿ ಕದಲಲಿಲ್ಲ. ಚಹಾವನ್ನೂ ಅಲ್ಲೇ ಕುಡಿದರು. ಕೊನೆಗೆ ಅಕ್ಕ ಒಡಹುಟ್ಟಿದ ತಮ್ಮನ ಮೋಟಾರ್‌ಸೈಕಲ್ಲಿನಲ್ಲಿ ಬರ್ಫದ ಡಬ್ಬಿಯೊಂದಿಗೆ ಬಂದಿಳಿದ ಮೇಲೆಯೇ ಅವರು ಕೆಳಗಿಳಿದದ್ದು. ಒಳಗೆ ಕುಲ್ಫಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅಕ್ಕ ಬಾಟಲಿಯನ್ನು ಬರ್ಫಕ್ಕಿಟ್ಟು, ಮುದುಕಿಯ ಪಾದ ಮುಟ್ಟಿದರು.

ನಾಲ್ಕು ದಿನಗಳ ಬಳಿಕ, ತಟ್ಟೆಯಲ್ಲಿ ಬೆಳೆಸಿದ ಕೋಶಗಳ ನಡುವೆ ಅಕ್ಕ ಗಾಯದಂತೆ ಎಳೆದಿದ್ದ ಗೀರು ಅಂಚಿನಿಂದ ಅಂಚಿಗೆ ಕೂಡಿಕೊಂಡಿತು. ಅವರು ಮೊದಲು ಫೋನು ಮಾಡಿದ್ದು ಮಾರ್ಗದರ್ಶಕರಿಗಲ್ಲ, ಕಾಸಾರಶಿರಸಿಗೆ.

"ಅವ್ವಾ, ಗಾಯ ಕೂಡೇದ್ರೀ! ಕೋಶ ಬೆಳ್ಯಾಕತ್ತಾವ್ರೀ!"

ಅತ್ತಲಿಂದ ಬಂದ ಧ್ವನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಬೆಳೀದೆ ಏನ ಮಾಡ್ತಾವ ತಂಗೀ? ಎರಡು ತಾಸು ಕೋಳಿ ಹಂಗ ಕಾವಿಗಿ ಕುಂತಿದ್ದೆ ನಾ!"