ಆಷಾಢದಲ್ಲೇ ದಸರೆ ಮುಗಿಸಿದ ಕಣಜ ಸಾಹೇಬರಿಗೆ

ಬ್ಯಾಡಗಿ
ತಾರೀಖು: ತಮ್ಮ ಪ್ರಕಾರ ೧೯೯೩ರ ಯುಗಾದಿ, ಊರ ಮಂದಿಯ ಪ್ರಕಾರ ೧೯೯೨ರ ಗಣೇಶ ಚೌತಿಯ ಮರುದಿನ

ಮಾನ್ಯರೇ,

ನಮ್ಮ ಮೆಣಸಿನಕಾಯಿ ಬೀಜ ಸಂಘದ ಕಂಪ್ಯೂಟರಿನ ಹೊಟ್ಟೆಯೊಳಗೆ ವಾಸವಾಗಿದ್ದು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಮಾತ್ರ ದರ್ಶನ ಕೊಡುವ ಕಣಜ ಸಾಹೇಬರ ಸನ್ನಿಧಾನಕ್ಕೆ, ಅದೇ ಸಂಘದ ಟೈಪಿಸ್ಟ್ ನಲಿನಿ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಕಾರಣವಿಲ್ಲ. ಇಡೀ ಕಚೇರಿಗಿರುವ ಒಂದೇ ಫ್ಯಾನು ತಮ್ಮ ಕಡೆಗೇ ತಿರುಗಿದೆ, ತಮ್ಮ ಕೋಣೆಗೆ ನಾವು ಚಪ್ಪಲಿ ಬಿಟ್ಟೇ ಬರುತ್ತೇವೆ, ಮೆಣಸಿನಕಾಯಿ ಘಾಟಿಗೆ ಊರೆಲ್ಲ ಸೀನುವಾಗಲೂ ತಾವು ಸೀನಿದ್ದನ್ನು ಈವರೆಗೆ ಯಾರೂ ಕೇಳಿಲ್ಲ.

ತಮ್ಮ ಗುಣಗಾನ ಮೊದಲು ಆಗಲಿ. ತಮ್ಮನ್ನು ಯಾದಿ ಕಾಯುವ ಪ್ರೋಗ್ರಾಮ್ ಎಂದು ಬರೆದುಕೊಟ್ಟ ಹುಬ್ಬಳ್ಳಿಯ ಇಂಜಿನಿಯರು ಹೇಳಿದಂತೆ, ಒಂದೇ ಯಾದಿಯನ್ನು ನಾವು ಎಷ್ಟು ಸಲ ತಿದ್ದಿದರೂ ತಾವು ಅಷ್ಟೂ ಪ್ರತಿಗಳನ್ನು ಒಂದರ ಮೇಲೊಂದು ಜೋಡಿಸಿ ಇಟ್ಟುಕೊಳ್ಳುವವರು. ‘ಕಣಜ ಇಡು’ ಎಂದು ಟೈಪು ಮಾಡಿದರೆ ಇಡುವವರು, ‘ಕಣಜ ಕೊಡು’ ಎಂದರೆ ಆ ಪ್ರತಿಗಳಲ್ಲಿ ಎಲ್ಲಕ್ಕಿಂತ ಮುಂದಿನ ತಾರೀಖಿನದನ್ನು ಆರಿಸಿ ಕೊಡುವವರು. ಅಳಿಸುವ ಆಜ್ಞೆಯೊಂದೇ ತಮ್ಮಲ್ಲಿಲ್ಲ, ಅಷ್ಟು ಕರುಣಾಳುಗಳು. ಹಾವೇರಿಯ ಟೈಪಿಂಗ್ ಕ್ಲಾಸಿನಲ್ಲಿ ಮರ್ಯಾದೆಯನ್ನೂ ಕಲಿತು ಬಂದ ನಾನು ಮೊದಲ ದಿನ ‘ಇಡ್ರಿ’ ಎಂದು ಬಡಿದದ್ದಕ್ಕೆ ‘ಬ್ಯಾಡ್ ಕಮಾಂಡ್’ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದಿರಿ. ಇರಲಿ ಬಿಡಿ, ಅತ್ತೆ ಜಾನಕೀಬಾಯಿಯವರ ಕೈಯಲ್ಲಿ ಪಳಗಿದವಳು ನಾನು, ಅಷ್ಟಕ್ಕೆಲ್ಲ ಕಣ್ಣೀರು ಹಾಕುವುದಿಲ್ಲ.

ಇನ್ನು ತಕರಾರು. ತಾವು ನಮ್ಮಲ್ಲಿಗೆ ದಯಮಾಡಿಸಿದ್ದು ಆಷಾಢದಲ್ಲಿ. ಆಷಾಢದಲ್ಲಿ ಹೊಸ ಕೆಲಸ ಹಿಡಿಯುವುದುಂಟೇ? ನಮ್ಮ ಕಾರ್ಯದರ್ಶಿ ರಘೋತ್ತಮರಾಯರು ಆ ತಿಂಗಳು ಹೊಸ ಪೆನ್ನಿನ ಟೊಪ್ಪಿಗೆಯನ್ನೂ ತೆಗೆಯುವವರಲ್ಲ. ಆದರೆ ಬೀಜಕ್ಕೆ ಪಂಚಾಂಗ ಗೊತ್ತಿಲ್ಲವಲ್ಲ! ಹಳ್ಳಿಯ ಹೆಣ್ಣುಮಕ್ಕಳು ತಮ್ಮ ಹಿತ್ತಲಿನಿಂದ ಕೊಟ್ಟ ಬೀಜಗಳನ್ನು ರಾಣೆಬೆನ್ನೂರಿನ ನಮ್ಮ ತೋಟದ ಮಡಿಗಳಲ್ಲಿ ಆಗಲೇ ಚೆಲ್ಲಿಯಾಗಿತ್ತು, ಯಾರದು ಹುಟ್ಟಿದೆ ಯಾರದು ಹುಟ್ಟಿಲ್ಲ ಎಂಬ ಯಾದಿಯನ್ನು ತಮಗೆ ಒಪ್ಪಿಸಲೇಬೇಕಿತ್ತು. ರಾಯರು ಒಂದು ಗಳಿಗೆ ಪಂಚಾಂಗ ನೋಡಿದರು, ಒಂದು ಗಳಿಗೆ ತಮ್ಮನ್ನು ನೋಡಿದರು. ದಿನಾ ಮುಂಜಾನೆ ಎದ್ದ ಕೂಡಲೇ ‘ಇವತ್ತು ತಾರೀಖು ಎಷ್ಟು’ ಎಂದು ತಾವೇ ನಮ್ಮನ್ನು ಕೇಳುತ್ತೀರಿ, ಹೇಳಿದ್ದನ್ನು ನಂಬುತ್ತೀರಿ ಎಂಬುದು ಅವರಿಗೆ ಹೊಳೆಯಿತು. ‘ಅದಕ್ಕ ವಿಜಯದಶಮಿ ಅಂತ ಹೇಳಿಬಿಡು ನಲಿನಿ. ಅವತ್ತು ಮುಹೂರ್ತ ನೋಡೂ ಕಾರಣಿಲ್ಲ’ ಅಂದರು.

ಹೀಗೆ ಹೊರಗೆ ಆಷಾಢದ ಗಾಳಿ ಬಾಗಿಲು ಬಡಿಯುತ್ತಿರಲು, ತಮ್ಮೊಳಗೆ ಬನ್ನಿ ಹಂಚುವ ಹಬ್ಬವಾಯಿತು. ತಮಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ದಸರೆಯ ತಾರೀಖಿನ ಮೇಲೆ ಮೊದಲ ಯಾದಿ ಇಟ್ಟೆವು. ಮರುದಿನದಿಂದ ಖರೇ ತಾರೀಖನ್ನೇ ಹೇಳತೊಡಗಿದೆವು, ಪೇಢೆ ತಿಂದು ಮುಹೂರ್ತವನ್ನು ಮರೆತೆವು. ತಾವು ಮಾತ್ರ ಮರೆಯಲಿಲ್ಲ.

ಆ ಮೊದಲ ಯಾದಿಯಲ್ಲಿ ಗಳಗನಾಥದ ಮುದುಕವ್ವನ ಬೀಜದ ಮುಂದೆ ‘ಹುಟ್ಟಿಲ್ಲ’ ಎಂದಿತ್ತು. ಮುದುಕವ್ವ ಯಾರೆಂದು ತಮಗೆ ತಿಳಿಯದು. ತಮಗೆ ಅವಳೊಂದು ಸಾಲು. ಮದುವೆಯಾಗಿ ಹೊಳೆ ದಾಟಿ ಬರುವಾಗ ತವರಿನ ಬೀಜವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು, ವರ್ಷಾ ವರ್ಷಾ ಹಿತ್ತಲಲ್ಲಿ ಹಾಕಿ ಉಳಿಸಿಕೊಂಡ ಮುದುಕಿ ಅವಳು. ಹೋದ ವರ್ಷ ಹಾಸಿಗೆ ಹಿಡಿದು ಬಿತ್ತಲಾಗಲಿಲ್ಲ. ಗಡಿಗೆಯ ತಳದಲ್ಲಿ ಉಳಿದ ಒಂದು ಹಿಡಿಯನ್ನು, ಯುಗಾದಿಗೆ ಹೊಸ ಬೀಜ ಮಾಡಿ ಮರಳಿಸುತ್ತೇವೆ ಎಂಬ ನಮ್ಮ ಮಾತು ನಂಬಿ, ಪೂರಾ ನಮ್ಮ ಕೈಗೆ ಸುರಿದಿದ್ದಳು. ಅದು ಹೋದರೆ ಅವಳ ತವರಿನ ಮೆಣಸಿನಕಾಯಿ ಈ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಆ ಬೀಜ ಎಲ್ಲರಿಗಿಂತ ತಡವಾಗಿ, ಆದರೆ ಜೋರಾಗಿಯೇ ಹುಟ್ಟಿತು. ನಾನು ಖುಷಿಯಿಂದ ‘ಹುಟ್ಟಿದೆ’ ಎಂದು ತಿದ್ದಿ ‘ಕಣಜ ಇಡು’ ಎಂದೆ, ಇಟ್ಟುಕೊಂಡಿರಿ. ನಾಟಿಯ ಹೊತ್ತಿಗೆ ‘ಕಣಜ ಕೊಡು’ ಎಂದೆ. ನನ್ನ ತಿದ್ದುಪಡಿಯ ಮೇಲಿದ್ದದ್ದು ಶ್ರಾವಣದ ತಾರೀಖು, ಶ್ರಾವಣಕ್ಕಿಂತ ದಸರೆ ಮುಂದಿನದಲ್ಲವೇ? ನನ್ನ ತಿದ್ದುಪಡಿಯನ್ನೆಲ್ಲ ತಳಕ್ಕೆ ಹಾಕಿ, ದಸರೆಯ ಪ್ರತಿಯನ್ನೇ ಹೊಚ್ಚಹೊಸದೆಂದು ಕೊಟ್ಟಿರಿ. ರಾಯರು ಅದರ ಮೇಲೆ ಕಣ್ಣೂ ಆಡಿಸದೆ, ಹುಟ್ಟದ ಮಡಿಗಳನ್ನು ಸಪಾಟು ಮಾಡಬೇಕೆಂಬ ಚೀಟಿ ಲಗತ್ತಿಸಿ ರಾಣೆಬೆನ್ನೂರಿಗೆ ಕಳಿಸಿಬಿಟ್ಟರು.

ತೋಟದ ಭರಮಣ್ಣ ಯಾರದೋ ಅಂಗಡಿಯಿಂದ ಫೋನು ಹಚ್ಚಿ, ‘ಬಾಯಾರ, ಕಾಗದದಾಗ ಹುಟ್ಟಿಲ್ಲ ಅಂತ ಐತ್ರಿ, ಮಡ್ಯಾಗ ಗೇಣುದ್ದ ಬಂದೈತ್ರಿ. ಯಾವುದರ ಮ್ಯಾಲ ಸಲಿಕಿ ಹಾಕ್ಲಿ?’ ಎಂದು ಕೇಳಿದ. ಅಯ್ಯೋ ಶಿವನೇ, ಕಾಗದದ ಮೇಲೆ ಹಾಕು ಎಂದು ಕೂಗಿದೆ.

ತಮ್ಮನ್ನು ಸರಿಮಾಡೋಣವೆಂದರೆ ಇಂಜಿನಿಯರು ತಮ್ಮನ ಮದುವೆಗೆ ಪುಣೆಗೆ ಹೋಗಿದ್ದಾರೆ. ದಸರೆಯನ್ನು ಅಳಿಸಲಾಗದು, ಸರಿ, ದಾಟಬಹುದಲ್ಲ! ಮರುದಿನ ಮುಂಜಾನೆ ತಾವು ತಾರೀಖು ಕೇಳಿದಾಗ, ಮುದುಕವ್ವನಿಗೆ ಕೊಟ್ಟ ಮಾತು ನೆನಪಾಗಿ, ಮುಂದಿನ ಯುಗಾದಿ ಎಂದುಬಿಟ್ಟೆ. ನಂಬಿದಿರಿ. ಹೊಸ ಪ್ರತಿ ಇಟ್ಟೆ, ಅದನ್ನೇ ಕೊಟ್ಟಿರಿ. ಅಂದಿನಿಂದ ದಿನಾ ತಮಗೆ ಯುಗಾದಿ, ದಿನಾ ಬೇವು-ಬೆಲ್ಲ.

ಇಷ್ಟು ಶಕ್ತಿಯಿರುವ ತಮ್ಮಲ್ಲಿ ಚಿಕ್ಕಪುಟ್ಟ ಬೇಡಿಕೆಗಳಿವೆ. ನಮ್ಮತ್ತೆಯವರ ಏಕಾದಶಿಯನ್ನು ಒಂದೇ ಸಲಕ್ಕೆ ದ್ವಾದಶಿ ಮಾಡಿಕೊಟ್ಟರೆ ಮನೆಯಲ್ಲಿ ಶಾಂತಿ ನೆಲೆಸೀತು. ಹಾಗೆಯೇ ರಾಯರ ಬುದ್ಧಿಯ ಹಳೆಯ ಪ್ರತಿ ಯಾವುದಾದರೂ ತಮ್ಮಲ್ಲಿ ಉಳಿದಿದ್ದರೆ ಅದನ್ನು ಲಗೂನ ಹೊರತೆಗೆದು ಕೊಡಬೇಕು.

ಇವತ್ತು ಮುಂಜಾನೆ ಮುದುಕವ್ವ ಕೋಲೂರಿಕೊಂಡು ಕಚೇರಿಗೆ ಬಂದಳು. ತನ್ನ ಬೀಜ ಹುಟ್ಟಿಲ್ಲವೆಂಬ ಸುದ್ದಿ ಯಾರಿಂದಲೋ ಅವಳ ಕಿವಿಗೆ ಬಿದ್ದು, ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲವಂತೆ. ಯಾದಿ ಛಾಪಿಸಿ, ಅವಳ ಹೆಸರನ್ನೂ ಅದರ ಮುಂದಿನ ‘ಹುಟ್ಟಿದೆ’ಯನ್ನೂ ಮೇಲಿನ ತಾರೀಖನ್ನೂ ಓದಿ ಹೇಳಿದೆ. ತಮ್ಮ ಕಡೆ ನೋಡಿ, ಬೊಚ್ಚು ಬಾಯಿ ತುಂಬ ನಕ್ಕಳು: ‘ಯುಗಾದಿತನಾ ಇರ್ತೇನೋ ಇಲ್ಲೋ ಅಂತ ಹೆದರಿದ್ನೆವ್ವಾ. ಇದರಾಗ ಆಗ್ಲೇ ಯುಗಾದಿ ಆಗೇತಿ, ನನ್ನ ಹೆಸರೂ ಐತಿ. ಹಂಗಾದ್ರ ನಾ ಇರ್ತೇನಿ ಬಿಡು.’ ಕಾಗದವನ್ನು ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ತಮ್ಮ ಮೇಲೆ ಇನ್ನೂ ಅಷ್ಟಿಷ್ಟು ವಿಶ್ವಾಸ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ನಲಿನಿ

ತಾ. ಕ.: ಇಂಜಿನಿಯರು ಮರಳಿದ ಕೂಡಲೇ ತಮ್ಮ ತಾರೀಖು ಸರಿಮಾಡಿಸುವುದಾಗಿ ರಾಯರು ಹೇಳುತ್ತಿದ್ದಾರೆ. ಆ ಇಂಜಿನಿಯರು ಬಂದು ತಾರೀಖಿಗೆ ಕೈ ಹಚ್ಚಿದರೆ, ತಮಗೆ ಬಾಯಿಪಾಠವಿರುವ ಆ ‘ಬ್ಯಾಡ್ ಕಮಾಂಡ್’ ಅನ್ನು ಒಮ್ಮೆ ಅವರ ಮುಖಕ್ಕೂ ಹೇಳಿ. ನನಗೆ ಅದನ್ನು ಹೇಳುವಾಗ ತಮಗೆ ಯಾವ ಸಂಕೋಚವೂ ಇರಲಿಲ್ಲ. ಮುದುಕವ್ವ ಬಂದು ತನ್ನ ಬೀಜ ಒಯ್ಯುವ ತನಕ ತಮ್ಮೊಳಗೆ ಯುಗಾದಿಯೇ ಇರಲಿ.